ಬಿಳಿ ಅಂಗಿ, ಕಪ್ಪು ಫಲಕ: ಕೊಯಮತ್ತೂರಿನಲ್ಲಿ ಮಿಷನರಿಯ ಒಂದು ವಾರ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಬಾಳೆಗೊನೆ, ಟೊಮೆಟೊ, ಅರಿಶಿನ ಹೇರಿಕೊಂಡು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯುವ ನಮ್ಮವರಿಗೆ ಕೊಯಮತ್ತೂರು ಅಂದರೆ ಮಂಡಿ, ತೂಕ, ಚೀಟಿ, ಬಾಕಿ. ತಿರುಪ್ಪೂರು ಅಂದರೆ ಬನಿಯನ್ನು. ಮಾಲು ಇಳಿಸಿ, ಊಟ ಮುಗಿಸಿ ಲಾರಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ಮನೆ ಸೇರುವುದು ಹಳೆಯ ರೂಢಿ. (2022ರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರ ನಿಂತಿದೆ, ಈಗಿನ ಲೆಕ್ಕ ಬೇರೆ.) ಹೀಗೆ ಹೋಗಿ ಬರುವ ಭರಾಟೆಯಲ್ಲಿ ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಫಲಕ ಹಾಕಿಕೊಂಡು ಯಾವಾಗಲೂ ಜೋಡಿಯಾಗಿಯೇ ನಡೆಯುವ ಹುಡುಗರು ಕಂಡರೂ ಅವರು ಯಾರು ಎಂದು ಕೇಳುವ ಪುರುಸೊತ್ತು ಯಾರಿಗಿರುತ್ತದೆ? ವಿಮಾ ಏಜೆಂಟರೋ, ಔಷಧಿ ಕಂಪನಿಯವರೋ ಇರಬೇಕು ಎಂದುಕೊಂಡು ಮುಂದೆ ಹೋಗುತ್ತೇವೆ.

ನನಗೆ ಆ ಪುರುಸೊತ್ತು ಸಿಕ್ಕಿದ್ದು 2013ರ ಫೆಬ್ರವರಿಯಲ್ಲಿ. ಬಾಳೆ ಮಂಡಿಯೊಂದರಲ್ಲಿ ನನ್ನ ಎರಡು ಲೋಡಿನ ಹಣ ನಿಂತಿತ್ತು. ಸೋಮವಾರ ಕೇಳಲು ಹೋದರೆ ಮಂಡಿಯವರು ತಲೆ ಎತ್ತದೆ, "ಅಡುತ್ತ ತಿಂಗಕ್ಕಿಳಮೈ ವಾಂಗಣ್ಣಾ" ಅಂದರು. ಮುಂದಿನ ಸೋಮವಾರ! ಊರಿಗೆ ಹೋಗಿ ಮತ್ತೆ ಬರುವ ಬದಲು ದೂರದ ನಂಟರ ಮನೆಯಲ್ಲಿ ಉಳಿದೆ. ಕೈಯಲ್ಲಿ ಕೆಲಸವಿಲ್ಲದ ಏಳು ದಿನ. ಅಂದೇ ಸಂಜೆ ಹಾಲಿನಂಗಡಿಯೊಂದರ ಮುಂದೆ ಆ ಜೋಡಿ ಎದುರಾಯಿತು. ಒಬ್ಬ ಕೆಂಪು ಮೂತಿಯ ಅಮೆರಿಕದ ಹುಡುಗ, ಹತ್ತೊಂಬತ್ತು ವರ್ಷ. ಇನ್ನೊಬ್ಬ ಆಂಧ್ರದ ಗೋದಾವರಿ ಸೀಮೆಯವನು, ಅವನಿಗಿಂತ ಎರಡು ವರ್ಷ ದೊಡ್ಡವನು. ನಾನು ಮರ್ಯಾದೆಗೆ ಕಾಫಿ ಕೊಡಿಸಲು ಹೋದೆ. ಇಬ್ಬರೂ ಬೇಡವೆಂದು ತಲೆಯಾಡಿಸಿದರು. ಟೀ? ಅದೂ ಬೇಡ. ಕೊನೆಗೆ ಬಾದಾಮಿ ಹಾಲಿಗೆ ಒಪ್ಪಿದರು.

ಕೊಯಮತ್ತೂರಿಗೆ ಬಂದು ಡಿಗ್ರಿ ಕಾಫಿ ಮುಟ್ಟದವರು! ಮಾತು ಬೆಳೆಯಲು ಅಷ್ಟು ಸಾಕಾಯಿತು.

ಇವರು ಮಾರ್ಮನ್ನರು. ಸಂಘದ ಪೂರ್ತಿ ಹೆಸರು 'ಅಂತ್ಯದಿನಗಳ ಸಂತರ ಯೇಸುಕ್ರಿಸ್ತನ ಸಭೆ' ಎಂಬ ಅರ್ಥದ್ದು. 1830ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ರೈತನ ಮಗ ಕಟ್ಟಿದ್ದು. ಬೈಬಲ್ಲಿನ ಜೊತೆಗೆ 'ಬುಕ್ ಆಫ್ ಮಾರ್ಮನ್' ಎಂಬ ಇನ್ನೊಂದು ಗ್ರಂಥವನ್ನೂ ಇವರು ಪವಿತ್ರವೆಂದು ನಂಬುತ್ತಾರೆ. ಮಾರ್ಮನ್ ಎಂಬ ಅಡ್ಡಹೆಸರು ಬಂದದ್ದು ಅದರಿಂದ. (2018ರಲ್ಲಿ ಸಂಘದ ಮುಖ್ಯಸ್ಥರು ಆ ಅಡ್ಡಹೆಸರು ಬೇಡ, ಪೂರ್ತಿ ಹೆಸರು ಹೇಳಿ ಎಂದಿದ್ದಾರೆ. ನಮ್ಮಂಥ ಪತ್ರಿಕೆಯವರಿಗೆ ಜಾಗದ ತಾಪತ್ರಯ.) 1844ರಲ್ಲಿ ಸ್ಮಿತ್‌ನನ್ನು ಜನರ ಗುಂಪು ಕೊಂದ ಮೇಲೆ ಅನುಯಾಯಿಗಳು ಬ್ರಿಗಮ್ ಯಂಗ್ ಹಿಂದೆ ಎತ್ತಿನ ಬಂಡಿ ಕಟ್ಟಿಕೊಂಡು ಹೊರಟು 1847ರಲ್ಲಿ ಈಗಿನ ಯೂಟಾದ ಬರಡು ನೆಲಕ್ಕೆ ಹೋಗಿ ಕಾಲುವೆ ತೋಡಿ ಬೇಸಾಯ ಮಾಡಿದರು. ಬಹುಪತ್ನಿತ್ವದಿಂದ ಕೆಟ್ಟ ಹೆಸರು ಹೊತ್ತು, 1890ರಲ್ಲಿ ಅದನ್ನು ಕೈಬಿಟ್ಟರು. ಕಾಫಿ, ಟೀ, ಹೆಂಡ, ಹೊಗೆಸೊಪ್ಪು ನಿಷಿದ್ಧ. ದುಡಿದದ್ದರಲ್ಲಿ ಹತ್ತನೇ ಒಂದು ಪಾಲು ಸಂಘಕ್ಕೆ.

"ಹತ್ತು ಪರ್ಸೆಂಟಾ? ಅದು ನಮ್ಮ ಮಂಡಿ ಕಮಿಷನ್ನು ಕಣಪ್ಪಾ" ಅಂದೆ. ಆಂಧ್ರದ ಹುಡುಗ ನಕ್ಕು ಜೊತೆಗಾರನಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅವನಿಗೆ ನಗು ಬರಲಿಲ್ಲ. ಮಂಡಿ ಎಂದರೇನು, ಕಮಿಷನ್ ಯಾರಿಗೆ, ಬೆಳೆದವನಿಗೆ ಎಷ್ಟು ಉಳಿಯುತ್ತದೆ ಎಂದು ಒಂದೊಂದಾಗಿ ಕೇಳಿದ. ಅವನೂ ಬೇಸಾಯಗಾರರ ಮನೆಯವನು! ಊರು ಐಡಾಹೊ ರಾಜ್ಯ. ಅಮೆರಿಕದಲ್ಲಿ ಆಲೂಗಡ್ಡೆಗೆ ಹೆಸರಾದ ಸೀಮೆ. ತಾತನ ಕಾಲದಿಂದ ಆಲೂ ಬೆಳೆಯುವ ಮನೆತನ. ಮೇಟ್ಟುಪಾಳಯಂ ಆಲೂ ಮಂಡಿಗೆ ನಮ್ಮ ಕೋಲಾರದ ಗೆಡ್ಡೆಯೂ ಬರುತ್ತದೆ ಎಂದಾಗ ಹುಡುಗನ ಮುಖ ಅರಳಿತು. ಒಮ್ಮೆ ನೋಡಬೇಕು ಅಂದ. ಆದರೆ ಅನುಮತಿ ಇಲ್ಲದೆ ತನ್ನ ಪ್ರದೇಶ ಬಿಟ್ಟು ಹೋಗುವ ಹಾಗಿಲ್ಲವಂತೆ.

ಗಡಿಯಾರದ ಬದುಕು

ಇವರ ದಿನಚರಿ ಕೇಳಿದರೆ ನಮ್ಮ ಕಡೆಯ ವಸತಿಶಾಲೆಯ ವಾರ್ಡನ್ನರೂ ನಾಚಬೇಕು. ಬೆಳಿಗ್ಗೆ ಆರೂವರೆಗೆ ಏಳಬೇಕು. ವ್ಯಾಯಾಮ, ಸ್ನಾನ, ತಿಂಡಿ. ಎಂಟಕ್ಕೆ ಒಬ್ಬೊಬ್ಬರೇ ಗ್ರಂಥ ಓದುವುದು, ಒಂಬತ್ತಕ್ಕೆ ಇಬ್ಬರೂ ಸೇರಿ ಓದುವುದು. ಹತ್ತರ ಮೇಲೆ ಹೊರಗೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮನೆ. ಹತ್ತೂವರೆಗೆ ದೀಪ ಆರಬೇಕು. (2017ರಲ್ಲಿ ಈ ವೇಳಾಪಟ್ಟಿ ತುಸು ಸಡಿಲವಾಯಿತು.) ಸಿನಿಮಾ ಇಲ್ಲ, ಟೀವಿ ಇಲ್ಲ, ಹುಡುಗಿಯರ ಸ್ನೇಹ ಇಲ್ಲ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಹೆಸರು ಹಿಡಿದು ಕರೆಯುವ ಹಾಗಿಲ್ಲ. 'ಎಲ್ಡರ್' ಎಂದು ಸೇರಿಸಿ ಮನೆತನದ ಹೆಸರು ಹೇಳಬೇಕು. ಎಲ್ಡರ್ ಅಂದರೆ ಹಿರಿಯ. ಮೀಸೆ ಮೂಡದ ಹಿರಿಯರು! ಎಲ್ಲಕ್ಕಿಂತ ದೊಡ್ಡ ನಿಯಮ, ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲಿಗೂ ಹೋಗಬಾರದು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನೂ ಮನೆಯಲ್ಲಿ ಕೂರಬೇಕು. ಆ ಜೊತೆಗಾರನೂ ಕಾಯಂ ಅಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆ ಪಟ್ಟಿ ಬರುತ್ತದೆ. ಹೆಸರಿದ್ದರೆ ಪೆಟ್ಟಿಗೆ ಕಟ್ಟಬೇಕು.

ಸಂಬಳವೂ ಇಲ್ಲ. ಖರ್ಚು ಅವರವರ ಮನೆಯದೇ. ಆಗ ಅಮೆರಿಕದ ಕುಟುಂಬಗಳು ಮಗನಿಗಾಗಿ ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದವು. 2020ರಿಂದ ಅದು 500 ಆಯಿತು. ಮಗ ಯಾವ ದೇಶಕ್ಕೆ ಹೋದರೂ ಅಷ್ಟೇ ಮೊತ್ತ. ಯಾವ ದೇಶ ಎಂಬುದನ್ನು ಆರಿಸುವವರು ಅವರಲ್ಲ. ಅರ್ಜಿ ಹಾಕಬೇಕು, ಒಂದು ದಿನ ಪತ್ರ ಬರುತ್ತದೆ. "ಪತ್ರ ತೆರೆಯುವ ತನಕ ಬೆಂಗಳೂರು ಅಂತ ಊರಿರೋದೇ ಗೊತ್ತಿರಲಿಲ್ಲ" ಅಂದ ಹುಡುಗ. 1993ರಿಂದ ಬೆಂಗಳೂರಿನಲ್ಲಿ ಇವರ ಮಿಷನ್ ಕಚೇರಿ ಇದೆ. ಕೊಯಮತ್ತೂರು ಅದರ ಕೆಳಗೆ ಬರುತ್ತಿತ್ತು.

ಸೋಮವಾರ ಇವರಿಗೆ ಬಿಡುವು. ಅದೂ ಪೂರ್ತಿ ಅಲ್ಲ, ಸಂಜೆಯ ತನಕ. ಬಟ್ಟೆ ಒಗೆಯುವುದು, ತರಕಾರಿ ತರುವುದು, ಕ್ಷೌರ, ಆಮೇಲೆ ಇಂಟರ್ನೆಟ್ ಅಂಗಡಿಗೆ ಹೋಗಿ ಮನೆಗೆ ಇಮೇಲ್ ಬರೆಯುವುದು. ಫೋನು? ವರ್ಷಕ್ಕೆ ಎರಡೇ ಸಲ. ಒಂದು ಕ್ರಿಸ್‌ಮಸ್‌ಗೆ, ಇನ್ನೊಂದು ಮೇ ತಿಂಗಳ ತಾಯಂದಿರ ದಿನಕ್ಕೆ. ಆವತ್ತು ನನಗೆ ಸಿಕ್ಕಾಗ ಆ ಹುಡುಗ ಇಂಟರ್ನೆಟ್ ಅಂಗಡಿಯಿಂದಲೇ ಬಂದಿದ್ದ. ತಾತ ಹಿಂದಿನ ಬುಧವಾರ ತೀರಿಕೊಂಡ ಸುದ್ದಿ ಓದಿಕೊಂಡು. ಇದನ್ನು ನನಗೆ ಹೇಳಿದವನು ಆಂಧ್ರದವನು, ಅದೂ ಮಾರನೆಯ ದಿನ.

ಮಣ್ಣಿಗೆ ಹೋಗುವುದಿಲ್ಲವೇ ಎಂದು ಕೇಳಿದೆ. ಇಲ್ಲ, ಉಳಿದುಕೊಳ್ಳುತ್ತೇನೆ ಎಂದು ಬರೆದಿದ್ದಾನಂತೆ. ತಾತನೇ ಹಾಗೆ ಹೇಳಿ ಕಳಿಸಿದ್ದರಂತೆ. ನನಗೆ ಇದು ಸರಿ ಎನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಮನೆ ಹಿರಿಯ ಸತ್ತಾಗ ಹೆಗಲು ಕೊಡದ ಮೊಮ್ಮಗ ಯಾವ ದೇವರ ಕೆಲಸ ಮಾಡಿದರೇನು ಎಂದು ನಮ್ಮ ಜನ ಕೇಳುತ್ತಾರೆ. ನಾನೂ ಅದೇ ಜನದವನು. ಆದರೂ ಬುಧವಾರ, ಗುರುವಾರ ಅವನು ಬಿಸಿಲಲ್ಲಿ ಬೆವರಿ, ಟೈ ಸಡಿಲಿಸದೆ ನಡೆಯುವುದನ್ನು ನೋಡಿ ಬಾಯಿ ಕಟ್ಟಿತು.

ಮಗ್ಗದ ಮನೆಯಲ್ಲಿ

ಅವರ ಕೆಲಸ ಏನು? ಬಾಗಿಲು ಬಡಿದು ಭಾಷಣ ಮಾಡುವುದು ಎಂದು ನಾನು ಎಣಿಸಿದ್ದೆ. ನಾನು ಕಂಡ ಮಟ್ಟಿಗೆ ಪರಿಚಯದವರು ಕರೆದ ಮನೆಗೆ ಹೋಗುವುದೇ ಹೆಚ್ಚು. ಉಳಿದದ್ದು ನಡೆಯುವುದು, ಕಾಯುವುದು, ಬರುತ್ತೇನೆಂದವರು ಬಾರದೆ ವಾಪಸು ಹೋಗುವುದು. ಒಂದು ದಿನ ಮೂರು ಕಡೆ ಹೀಗಾಯಿತು ಎಂದರು. ನನ್ನ ಮಂಡಿಯ ಕಥೆ ಹೇಳಿದೆ. ನಾವು ಮೂವರೂ ಒಂದೇ ಕಸುಬಿನವರು ಎಂದು ಆಂಧ್ರದ ಹುಡುಗ ತೀರ್ಪು ಕೊಟ್ಟ.

ಬುಧವಾರ ಅವರನ್ನು ನಾನೇ ಒಂದು ಮನೆಗೆ ಕರೆದುಕೊಂಡು ಹೋದೆ. ಧರ್ಮದ ಮಾತಿಗಲ್ಲ, ಮಗ್ಗ ತೋರಿಸಲು. ಒಪ್ಪಣಕ್ಕಾರ ಬೀದಿಯ ಜವಳಿ ಅಂಗಡಿಗಳಲ್ಲಿ ಸೀರೆ ಕೊಂಡವರಿಗೆ ಗೊತ್ತಿದ್ದೀತು, ಕೊಯಮತ್ತೂರಿನ ದೇವಾಂಗದವರು ತಲೆಮಾರುಗಳಿಂದ ಅಲ್ಲಿದ್ದರೂ ಮನೆಯೊಳಗೆ ಕನ್ನಡ ಬಿಟ್ಟಿಲ್ಲ. ನಮ್ಮ ಕಿವಿಗೆ ಅದು ವಿಚಿತ್ರ ಕನ್ನಡ. ಅರ್ಧ ಹಳೆಯದು, ಅರ್ಧ ತಮಿಳು. ನನ್ನ ನಂಟರ ಪರಿಚಯದ ಅಜ್ಜ ಒಬ್ಬರು ಎಂಬತ್ತರ ಹತ್ತಿರದವರು, ಇನ್ನೂ ಗುಳಿಮಗ್ಗದಲ್ಲಿ ಕೂರುತ್ತಿದ್ದರು. ಅಜ್ಜ ನನ್ನ ಜೊತೆ ಕನ್ನಡದಲ್ಲಿ, ಹೊರಗೆ ನಿಂತ ಗಿರಾಕಿಯ ಜೊತೆ ತಮಿಳಿನಲ್ಲಿ, ಮೊಮ್ಮಗನ ಜೊತೆ ಎರಡೂ ಕಲಸಿ ಮಾತಾಡುವುದನ್ನು ಅಮೆರಿಕದ ಹುಡುಗ ಬಾಯಿ ತೆರೆದು ನೋಡಿದ.

"ಇವರು ಯಾವ ಭಾಷೆಯವರು?" ಅಂತ ಕೇಳಿದ.

ನಾನು ಅಜ್ಜನಿಗೆ ಹೇಳಿದೆ. ಅಜ್ಜ ಲಾಳಿ ನಿಲ್ಲಿಸಿ, "ಹೊಟ್ಟೆಗೆ ತಮಿಳು, ಅಪ್ಪ ಅವ್ವಂಗೆ ಕನ್ನಡ ಅಂತ ಹೇಳಪ್ಪ" ಅಂದರು. ಆಮೇಲೆ ಅವರೇ, "ಈ ಪಿಳ್ಳೆ ಯಾಕ್ ಇಷ್ಟ್ ದೂರ ಬಂದದೆ? ಅವ್ವ ಇಲ್ವಾ ಇದಕ್ಕೆ?" ಎಂದು ಕೇಳಿದರು. ಇದ್ದಾಳೆ ಎಂದೆ. ವರ್ಷಕ್ಕೆ ಎರಡು ಸಲ ಫೋನಿನಲ್ಲಿ ಮಾತಾಡುತ್ತಾನೆ ಎಂದೆ. ಅಜ್ಜನಿಗೆ ಸಿಟ್ಟೇ ಬಂತು. "ಎಂಥಾ ಸಾಮಿ ಅದು, ಅವ್ವನ್ ಕೂಡ ಮಾತಾಡ್ಬೇಡ ಅನ್ನೋದು!" ಸೊಸೆಯನ್ನು ಕರೆದು ಇಬ್ಬರಿಗೂ ಮಜ್ಜಿಗೆ ಕೊಡಿಸಿದರು. ಹುಡುಗ ಅಜ್ಜನ ಪಕ್ಕ ಕುಳಿತು ಮಣೆ ಮೆಟ್ಟಲು ಹೋಗಿ ನೂಲು ಹರಿದ. ಅಜ್ಜ ಬೈಯದೆ ಗಂಟು ಹಾಕಿದರು. ಒಂದು ಗಂಟೆ ಅಲ್ಲೇ ಇದ್ದೆವು. ಯೇಸುವಿನ ಮಾತು ಬರಲಿಲ್ಲ, ಜೋಸೆಫ್ ಸ್ಮಿತ್ತನ ಮಾತೂ ಬರಲಿಲ್ಲ. ಹೊರಗೆ ಬಂದ ಮೇಲೆ ಹುಡುಗ ಹೇಳಿದ, ಇಲ್ಲಿಗೆ ಬಂದ ಮೇಲೆ ತಾತನಂಥವರ ಜೊತೆ ಕುಳಿತದ್ದು ಇದೇ ಮೊದಲು ಅಂತ.

ಅವನ ತಮಿಳು 'ವಣಕ್ಕಂ', 'ಎವ್ವಳವು', 'ಕಾರಂ ವೇಂಡಾಂ' ಇಷ್ಟಕ್ಕೇ ನಿಂತಿತ್ತು. ಆಡಳಿತವೆಲ್ಲ ಇಂಗ್ಲಿಷ್. ಎರಡು ವರ್ಷದಲ್ಲಿ ಬೆಂಗಳೂರು, ಹೈದರಾಬಾದು, ಚೆನ್ನೈ ಎಂದು ಸುತ್ತಿಸಿದರೆ ಯಾವ ಭಾಷೆ ಅಂತ ಕಲಿಯಬೇಕು? ಇದು ಇವರ ಹಳೆಯ ಕಾಯಿಲೆ ಎಂದು ಇತಿಹಾಸ ಓದಿದ ಮೇಲೆ ನನಗೆ ತಿಳಿಯಿತು.

ಮದರಾಸಿಗೆ ಬಂದ ಮೂವರು

ಮಾರ್ಮನ್ನರು ಭಾರತಕ್ಕೆ ಹೊಸಬರಲ್ಲ. 1850ರ ದಶಕದ ಆರಂಭದಲ್ಲೇ ಕಲ್ಕತ್ತಾ, ಮುಂಬಯಿ, ಪುಣೆಗೆ ಬಂದಿದ್ದರು. 1852ರಲ್ಲಿ ಯೂಟಾದಿಂದ ಹೊರಟ ತಂಡದಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್, ರಾಬರ್ಟ್ ಓವೆನ್ಸ್ ಎಂಬ ಮೂವರು 1853ರಲ್ಲಿ ಮದರಾಸಿಗೆ ಬಂದಿಳಿದರು. ಬ್ಯಾಲಂಟೈನ್ ಸಾಮಾನ್ಯನಲ್ಲ, 1849ರಲ್ಲಿ ಯೂಟಾದಲ್ಲಿ ಮಾರ್ಮನ್ನರ ಮೊದಲ ಭಾನುವಾರದ ಶಾಲೆ ತೆರೆದವನು. ಆದರೆ ಇವರು ಹೋದದ್ದು ಹೆಚ್ಚಾಗಿ ದಂಡಿನ ಸೋಲ್ಜರುಗಳ ಬಳಿಗೆ, ಇಂಗ್ಲಿಷ್ ಬಲ್ಲವರ ಬಳಿಗೆ. ಅಷ್ಟರಲ್ಲಿ ಬಹುಪತ್ನಿತ್ವದ ಸುದ್ದಿ ಇವರಿಗಿಂತ ಮುಂಚೆ ಹಡಗು ಹತ್ತಿ ಬಂದಿತ್ತು. ಪಾದ್ರಿಗಳು, ದೊರೆಗಳು ಸೇರಿ ಬಾಗಿಲು ಮುಚ್ಚಿದರು. ಬ್ಯಾಲಂಟೈನ್ ಮಾರನೆಯ ವರ್ಷವೇ ಹೊರಟ. 1856ರ ಹೊತ್ತಿಗೆ ಎಲ್ಲರೂ ಹೊರಟುಹೋಗಿದ್ದರು.

ಆಮೇಲೆ ನೂರು ವರ್ಷ ಈ ಕಡೆ ಸುದ್ದಿಯಿಲ್ಲ. ಸ್ವಾತಂತ್ರ್ಯ ಬಂದ ಮೇಲಂತೂ ಹೊರದೇಶದ ಮಿಷನರಿಗೆ ವೀಸಾ ಸಿಗುವುದೇ ಕಷ್ಟವಾಯಿತು. ಹಾಗಿದ್ದರೂ ಕೊಯಮತ್ತೂರಿಗೆ ಇವರ ಪಂಥ ಮತ್ತೆ ಬಂದದ್ದು ಹೇಗೆ? ಮಿಷನರಿಯಿಂದ ಅಲ್ಲ, ಲೆಕ್ಕ ಬರೆಯುವವರೊಬ್ಬರಿಂದ. ಸಿಮೆಂಟ್ ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದ ಎಸ್. ಪಾಲ್ ತಿರುತುವದಾಸ್ ಎಂಬವರ ಕೈಗೆ ಇವರ ಒಂದು ಕರಪತ್ರ ಸಿಕ್ಕಿತು. ಅವರೇ ಅಮೆರಿಕಕ್ಕೆ ಪತ್ರ ಬರೆದರು. 1965ರಲ್ಲಿ ದೀಕ್ಷಾಸ್ನಾನವಾಯಿತು. ಆಮೇಲೆ ಅವರು ಬಡಮಕ್ಕಳಿಗೆ ಶಾಲೆ ನಡೆಸಿದರು. ಹೇಳಿಕೊಡಲು ಬಿಳಿಯರು ಬಂದು ಕೂತಿರಲಿಲ್ಲ. ಹೈದರಾಬಾದಿನಲ್ಲೂ ಹೀಗೇ. ಸಮೋವಾ ದ್ವೀಪದಲ್ಲಿ ಕೆಲಸದಲ್ಲಿದ್ದ ಕೀಟಶಾಸ್ತ್ರಜ್ಞ ಎಡ್ವಿನ್ ಧರ್ಮರಾಜು ದಂಪತಿ ಅಲ್ಲೇ ಮಾರ್ಮನ್ನರಾಗಿ, 1978ರ ಡಿಸೆಂಬರ್‌ನಲ್ಲಿ ಊರಿಗೆ ಬಂದು ತಮ್ಮ ನಂಟರಿಷ್ಟರನ್ನೇ ಸೇರಿಸಿದರು. ಮನೆಮಾತು ತೆಲುಗು; ಪತ್ನಿಯ ತಂದೆಯೇ ಬುಕ್ ಆಫ್ ಮಾರ್ಮನ್ನನ್ನು ತೆಲುಗಿಗೆ ತಂದರು. ದೇಶದಲ್ಲಿ ಇವರ ಸಂಖ್ಯೆ ಹದಿನೈದು ಸಾವಿರದ ಆಸುಪಾಸು ಅನ್ನುತ್ತಾರೆ. ಅದರಲ್ಲಿ ತೆಲುಗರ ಬಲ ಏಕೆ ಹೆಚ್ಚು ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ದೊಡ್ಡಸ್ವಾಮಿಯ ದಾರಿ

ಶುಕ್ರವಾರ ನಾನು ತಿರುಪ್ಪೂರಿಗೆ ಹೊರಟೆ. ಅಂಗಡಿಯ ತಮ್ಮ ಬನಿಯನ್ ಕಟ್ಟು ತರಲು ಹೇಳಿದ್ದ. ಅವಿನಾಶಿ ರಸ್ತೆಯಲ್ಲಿ ಕರುಮತ್ತಂಪಟ್ಟಿ ಸಿಗುತ್ತದೆ. ಬಸ್ಸಿಳಿದು ಜಪಮಾಲೆ ಮಾತೆಯ ಚರ್ಚಿಗೆ ಹೋದೆ. ನಮ್ಮ ಕಡೆಯವರು ಈ ಊರನ್ನು ತಿಳಿದಿರಬೇಕು. ಏಕೆಂದರೆ ಇಲ್ಲಿಯ ಕ್ರೈಸ್ತರ ಕಥೆ ಶುರುವಾಗುವುದು ಶ್ರೀರಂಗಪಟ್ಟಣದಿಂದ.

ಹದಿನೇಳನೇ ಶತಮಾನದಲ್ಲಿ ಸತ್ಯಮಂಗಲ, ಕೊಯಮತ್ತೂರು ಸೀಮೆ ಮೈಸೂರು ಅರಸರ ಕೈ ಸೇರಿತು. 1799ರಲ್ಲಿ ಟಿಪ್ಪು ಸುಲ್ತಾನ್ ಬೀಳುವ ತನಕ ಮೈಸೂರಿನದೇ ಆಗಿತ್ತು. (ಆಮೇಲೆ ತಿರುಗಾ ಮುರುಗಾ: ನಮ್ಮ ಕೊಳ್ಳೇಗಾಲವೇ 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಳೆಯ ಪತ್ರಗಳಿರುವ ಮನೆಯವರು ಈಗಲೂ ತೆಗೆದು ನೋಡಬಹುದು.) ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಮೈಸೂರು ಮಿಷನ್ ಶುರುಮಾಡಿದರು. ಸತ್ಯಮಂಗಲ, ಕರುಮತ್ತಂಪಟ್ಟಿ ಎಲ್ಲ ಆ ಮೈಸೂರು ಮಿಷನ್ನಿನ ಠಾಣೆಗಳು.

ಹದಿನೆಂಟನೇ ಶತಮಾನದ ಕೊನೆಗೆ ಈ ಕಡೆ ಕೆಲಸ ಮಾಡಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. 1792ರಲ್ಲಿ ಪಾದ್ರಿಯಾಗಿ ಅದೇ ವರ್ಷ ಹಡಗು ಹತ್ತಿದವರು, 1823ರ ಜನವರಿಯಲ್ಲಿ ಹಿಂದಿರುಗುವ ತನಕ ಇಲ್ಲೇ ಇದ್ದರು. ನಮ್ಮವರ ಹಾಗೆ ಉಡುಪು, ತಲೆಗೆ ರುಮಾಲು, ನಮ್ಮವರ ಊಟ. ಥಾಮಸ್ ಹಿಕ್ಕಿ ಬರೆದ ಅವರ ಚಿತ್ರ ನೋಡಿದರೆ ಯಾರೋ ಊರ ಯಜಮಾನರು ಎನ್ನಬೇಕು. ಟಿಪ್ಪುವಿನ ಪತನದ ಮೇಲೆ ಮೈಸೂರು ಸೀಮೆಗೆ ಬಂದರು. ಜನ 'ದೊಡ್ಡಸ್ವಾಮಿ' ಎಂದು ಕರೆದರು. ಹಾಸನದ ಬಳಿ ಸಾತಳ್ಳಿ ಮೊದಲಾದ ಕಡೆ ನೆಲೆ ತಪ್ಪಿದವರಿಗೆ ಬೇಸಾಯದ ಹಳ್ಳಿ ಕಟ್ಟಿದರು. ಸಿಡುಬಿಗೆ ದೇವಿ ಹಾಕುವುದು ಹೊಸದಾಗಿ ಬಂದಾಗ, ಜನ ಹೆದರಿ ಓಡುತ್ತಿದ್ದ ಕಾಲದಲ್ಲಿ, ಸಾವಿರಾರು ಜನಕ್ಕೆ ಹಾಕಿಸಿದರು. ಹಿಂದೂ ಜನರ ಆಚಾರ ವಿಚಾರದ ಮೇಲೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಎರಡು ಸಾವಿರ ವರಹಕ್ಕೆ ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಪುಸ್ತಕದ ಬಹಳಷ್ಟು ಭಾಗ ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರಹದಿಂದ ಎತ್ತಿದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ನಮ್ಮ ಜನರ ಬಗ್ಗೆ ಅದರಲ್ಲಿ ಕಹಿ ಮಾತೂ ಸಾಕಷ್ಟಿದೆ. ದೊಡ್ಡಸ್ವಾಮಿ ದೇವರೇನಲ್ಲ.

ಆದರೆ ಅವರ ಒಂದು ಮಾತು ನಿಷ್ಠುರವಾದದ್ದು. ಹಿಂದಿರುಗಿದ ವರ್ಷವೇ, 1823ರಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯ ಬಗ್ಗೆ ಅವರ ಪತ್ರಗಳು ಪುಸ್ತಕವಾಗಿ ಬಂದವು. ಇಷ್ಟು ವರ್ಷ ದುಡಿದು ತಾನು ಸೇರಿಸಿದ್ದು ಇನ್ನೂರು ಮುನ್ನೂರು ಜನ, ಅದರಲ್ಲೂ ನಿಜವಾದ ನಂಬಿಕೆಯಿಂದ ಬಂದವರು ಕಾಣೆ ಎಂಬರ್ಥದಲ್ಲಿ ಬರೆದುಕೊಂಡರು. ಇಂಗ್ಲೆಂಡಿನ ಮಿಷನ್ ಸಂಘಗಳು ಉರಿದೆದ್ದವು. ಈ ಮನುಷ್ಯ ಸುಳ್ಳು ವರದಿ ಕಳಿಸಿ ಚಂದಾ ಎತ್ತಬಹುದಿತ್ತು, ಎತ್ತಲಿಲ್ಲ.

ಅವರ ಮಾತು ಲೆಕ್ಕಿಸದೆ ಮತ್ತೆ ಮತ್ತೆ ಜನ ಬಂದರು. ಅಮೆರಿಕದಲ್ಲಿ ಮಾರ್ಮನ್ ಸಂಘ ಹುಟ್ಟಿದ ಅದೇ 1830ರಲ್ಲಿ ಲಂಡನ್ ಮಿಷನ್ನಿನ ಅಡಿಸ್ ಕೊಯಮತ್ತೂರಿಗೆ ಬಂದು ಶಾಲೆ ತೆರೆದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ನೀಲಗಿರಿಯ ಕೇತಿಗೆ ಹೋಗಿ ಬಡಗರ ನಡುವೆ ಕನ್ನಡದಲ್ಲೇ ಪಾಠ ಹೇಳಿದರು. ಅದೇ ವರ್ಷ ಕರುಮತ್ತಂಪಟ್ಟಿಯಲ್ಲಿ ಬಿಷಪ್ ಪಟ್ಟ ಏರಿದವರು ಮರಿಯೋನ್ ಬ್ರೆಸಿಯಾಕ್ ಎಂಬ ಫ್ರೆಂಚರು. ಜಾತಿಯ ಆಚಾರಗಳನ್ನು ಚರ್ಚಿನೊಳಗೆ ಎಷ್ಟು ಬಿಟ್ಟುಕೊಳ್ಳಬೇಕು ಎಂಬ ಜಗಳದಲ್ಲಿ ಮನಸ್ಸಾಕ್ಷಿ ಒಪ್ಪದೆ ಪಟ್ಟ ಬಿಟ್ಟರು. 1856ರಲ್ಲಿ ಆಫ್ರಿಕಾಕ್ಕಾಗಿ ಹೊಸ ಸಂಘ ಕಟ್ಟಿದರು. 1859ರಲ್ಲಿ ಸಿಯೆರಾ ಲಿಯೋನಿಗೆ ಹೋಗಿ ಇಳಿದ ಆರು ವಾರದೊಳಗೆ ಜ್ವರದಿಂದ ಸತ್ತರು.

ಸಂಜೆ ತಿರುಪ್ಪೂರು ತಲುಪಿದೆ. ಬನಿಯನ್ ಕಂಪನಿಗಳಿಗೆ ವಾರ ಅಂದರೆ ಶನಿವಾರದ ಸಂಬಳ. ಒಡಿಶಾ, ಬಿಹಾರದ ಹುಡುಗರು, ಅವರಿಗೂ ಹತ್ತೊಂಬತ್ತು ಇಪ್ಪತ್ತು ವರ್ಷ, ಶನಿವಾರ ರಾತ್ರಿ ಫೋನ್ ಅಂಗಡಿಯ ಮುಂದೆ ಮನೆಗೆ ಹಣ ಕಳಿಸಲು, ಮಾತಾಡಲು ನಿಂತಿದ್ದರು. ಅವರನ್ನು ಯಾರೂ ಎಲ್ಡರ್ ಅನ್ನುವುದಿಲ್ಲ. ಮಾಲು ಕಟ್ಟಿಸಿಕೊಂಡು ಕೊನೆಯ ಬಸ್ಸಿಗೆ ಕೊಯಮತ್ತೂರಿಗೆ ಬಂದೆ.

ರೊಟ್ಟಿ, ನೀರು

ಭಾನುವಾರ ಅವರ ಸಭೆಗೆ ಹೋದೆ. ಕರೆದಿದ್ದರು, ನೋಡುವ ಕುತೂಹಲವೂ ಇತ್ತು. ಶಿಲುಬೆ ಕಾಣಲಿಲ್ಲ, ಮೇಣದಬತ್ತಿ ಇಲ್ಲ. ಪ್ಲಾಸ್ಟಿಕ್ ಕುರ್ಚಿಗಳು. ಪ್ರಸಾದಕ್ಕೆ ಬ್ರೆಡ್ಡಿನ ತುಂಡು, ಪುಟ್ಟ ಲೋಟದಲ್ಲಿ ನೀರು, ದ್ರಾಕ್ಷಾರಸ ಇವರಲ್ಲಿಲ್ಲ. ಸಂಬಳದ ಪಾದ್ರಿಯೂ ಇಲ್ಲ. ಎದ್ದು ಮಾತಾಡಿದವರೆಲ್ಲ ಊರ ಜನವೇ. ಇಂಗ್ಲಿಷ್, ತಮಿಳು ಎರಡೂ ಕಿವಿಗೆ ಬಿತ್ತು. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಮಾಡಿ, ಉಳಿದ ಊಟದ ಹಣವನ್ನು ಕಷ್ಟದಲ್ಲಿದ್ದವರಿಗೆ ಕೊಡುವ ಪದ್ಧತಿ ಇದೆಯಂತೆ. ಈ ಒಂದು ನಮ್ಮ ಮಠಗಳಿಗೂ ಹಿಡಿಸೀತು.

ಇಲ್ಲಿ ಓದುಗರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನುಂಗಿಕೊಳ್ಳುವುದು ಬೇಡ. ಮತಾಂತರ. ತಮಿಳುನಾಡಿನಲ್ಲಿ 2002ರಲ್ಲಿ ಬಲವಂತದ ಮತಾಂತರಕ್ಕೆ ನಿಷೇಧ ತಂದರು, 2004ರಲ್ಲಿ ತೆಗೆದರು. ನಮ್ಮ ರಾಜ್ಯದಲ್ಲೂ ಈ ಜಗಳ ಇದೆ. ಬಡವನ ಕಷ್ಟ ನೋಡಿ ಅಕ್ಕಿ ಮೂಟೆಯ ಜೊತೆ ದೇವರನ್ನು ಮಾರುವವರನ್ನು ನಾನು ಒಪ್ಪುವುದಿಲ್ಲ. ಆದರೆ ಆ ವಾರ ನಾನು ಕಂಡ ಇಬ್ಬರ ಕೈಯಲ್ಲಿ ಅಕ್ಕಿ ಮೂಟೆ ಇರಲಿಲ್ಲ. ಬಸ್ ಚಾರ್ಜಿಗೆ ಚಿಲ್ಲರೆ ಎಣಿಸುತ್ತಿದ್ದರು. ಯಾರನ್ನೂ ಸೇರಿಸಿದ್ದನ್ನು ನೋಡಲಿಲ್ಲ. ಒಂದು ವಾರ ನೋಡಿ ಒಂದು ಪಂಥಕ್ಕೆ ಸರ್ಟಿಫಿಕೇಟು ಕೊಡಲಾಗದು, ಕಲ್ಲು ಹೊಡೆಯಲೂ ಆಗದು. ದುಬಾಯ್ ಮೂವತ್ತು ವರ್ಷ ಇದ್ದು ಭಾಷೆ ಕಲಿತು ಕಂಡುಕೊಂಡದ್ದನ್ನು, ಭಾಷೆ ಬಾರದ ಈ ಹುಡುಗ ಎರಡು ವರ್ಷದಲ್ಲಿ ಹೇಗೆ ಮೀರುತ್ತಾನೆ ಎಂಬುದೇ ನನ್ನ ತಕರಾರು. ಅಜ್ಜನ ಮಗ್ಗದ ಮುಂದೆ ಕಳೆದ ಗಂಟೆಯನ್ನು ಅವನ ವರದಿ ಪುಸ್ತಕದಲ್ಲಿ ಯಾವ ಕಾಲಂನಲ್ಲಿ ಬರೆದುಕೊಂಡನೋ!

ಸೋಮವಾರ ಮಂಡಿಯವರು ಮುಕ್ಕಾಲು ಪಾಲು ಕೊಟ್ಟರು. ಉಳಿದದ್ದಕ್ಕೆ ಮತ್ತೊಂದು ಸೋಮವಾರ. ಹುಡುಗರಿಗೆ ಹೇಳಿ ಹೋಗೋಣ ಎಂದು ಹಾಲಿನಂಗಡಿಯ ಬಳಿ ನಿಂತೆ. ಆಂಧ್ರದವನು ಹೊಸ ಜೊತೆಗಾರನ ಜೊತೆ ಬಂದ. ವರ್ಗಾವಣೆ ಪಟ್ಟಿ ಬಂದು, ಅಮೆರಿಕದವನು ಹಿಂದಿನ ರಾತ್ರಿಯ ರೈಲಿಗೆ ಚೆನ್ನೈಗೆ ಹೋಗಿದ್ದ. ನನಗೆಂದು ಒಂದು ಚೀಟಿ ಬಿಟ್ಟಿದ್ದ. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಮಜ್ಜಿಗೆ' ಎಂದು ಬರೆದು, ಅಜ್ಜನಿಗೆ ಥ್ಯಾಂಕ್ಸ್ ಹೇಳಿ ಎಂದಿತ್ತು.

ಆಮೇಲೆ ಬಹಳ ನೀರು ಹರಿಯಿತು. 2012ರಲ್ಲೇ ಹೈದರಾಬಾದಿನಲ್ಲಿ ದೇಶದ ಮೊದಲ 'ಸ್ಟೇಕ್', ಅಂದರೆ ಊರವರೇ ನಡೆಸುವ ದೊಡ್ಡ ಘಟಕ, ಆಗಿತ್ತು. 2018ರಲ್ಲಿ ಬೆಂಗಳೂರಿಗೆ ದೇವಾಲಯ ಘೋಷಿಸಿ 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆ ಮಾಡಿದರು. 2019ರ ಫೆಬ್ರವರಿಯಲ್ಲಿ ಇನ್ನೊಂದು ನಿಯಮ ಬದಲಾಯಿತು: ಮಿಷನರಿಗಳು ವಾರಕ್ಕೊಮ್ಮೆ, ಬಿಡುವಿನ ದಿನ, ಮನೆಗೆ ಫೋನ್ ಮಾಡಬಹುದು.

ಆ ವರ್ಷ ಬಾಳೆ ಲೋಡಿನ ಜೊತೆ ಹೋದಾಗ ಅಜ್ಜನ ಮನೆಗೆ ಹೋಗಿದ್ದೆ. ಮಗ್ಗ ನಿಂತಿತ್ತು, ಅಜ್ಜ ಜಗುಲಿಯಲ್ಲಿದ್ದರು. ಕಿವಿ ಮಂದ. ಜೋರಾಗಿ ಹೇಳಿದೆ: ಆ ಬಿಳಿ ಹುಡುಗರು ಈಗ ವಾರಕ್ಕೊಂದು ಸಲ ಅವ್ವನ ಜೊತೆ ಮಾತಾಡಬಹುದಂತೆ ಅಂತ.

"ವಾರಕ್ ಒಂದ್ಸಲನಾ?" ಅಂದರು ಅಜ್ಜ. "ಪತ್ತಾದು. ಸಾಲದು."